ಬಿಲವಾಸಿಯ ಕಲ್ಪನೆ ಮತ್ತು ಮಣ್ಣಿನ ನಿಯಮ

ಸಾಹಿತ್ಯ ಕೃತಿಗಳಲ್ಲಿ ಬರುವ ಪ್ರಾಣಿಯನ್ನು ಕನ್ನಡ ವಿಮರ್ಶೆ ಬಹುಮಟ್ಟಿಗೆ ಎರಡು ನೆಲೆಗಳಲ್ಲಿ ಓದುತ್ತ ಬಂದಿದೆ. ಒಂದು, ನೀತಿಯ ನೆಲೆ. ದುರ್ಗಸಿಂಹನ ‘ಪಂಚತಂತ್ರ’ದ ಪ್ರಾಣಿಗಳು ಈ ಓದಿನಲ್ಲಿ ಮನುಷ್ಯಸ್ವಭಾವಗಳ ವೇಷಗಳಾಗಿ ಕಾಣುತ್ತವೆ. ಇನ್ನೊಂದು, ನವ್ಯದ ಕಾಲದಲ್ಲಿ ಬಲಗೊಂಡ ಸಂಕೇತದ ನೆಲೆ. ಎರಡರಲ್ಲಿಯೂ ಪ್ರಾಣಿಯ ದೇಹ ಗೌಣವಾಗುತ್ತದೆ. ಅದು ಏನನ್ನು ತಿನ್ನುತ್ತದೆ, ಹೇಗೆ ಉಸಿರಾಡುತ್ತದೆ ಎಂಬುವು ವಿಮರ್ಶೆಯ ಪ್ರಶ್ನೆಗಳೇ ಅಲ್ಲ ಎಂಬ ಗ್ರಹಿಕೆ ನೆಲೆಯೂರಿದೆ. ಈ ಗ್ರಹಿಕೆಯನ್ನು ಮರುಪರಿಶೀಲಿಸಬೇಕಾಗಿದೆ. ಇಲ್ಲದ ಪ್ರಾಣಿಯೊಂದನ್ನು ಜೀವಶಾಸ್ತ್ರದ ಕಟ್ಟುಪಾಡಿನೊಳಗೆ ಕಲ್ಪಿಸುವುದು ಬಾಲಿಶ ವಿನೋದವಲ್ಲ. ಅದೊಂದು ಗಂಭೀರ ಬೌದ್ಧಿಕ ಕ್ರಿಯೆ. ನೆಲದೊಳಗೆ ಬದುಕುವ ಕಲ್ಪಿತ ಪ್ರಾಣಿ ಇದಕ್ಕೆ ತಕ್ಕ ನಿದರ್ಶನ.

ಮಣ್ಣು ಗಾಳಿಯಂತೆ, ನೀರಿನಂತೆ ದಾರಿ ಬಿಡುವ ಮಾಧ್ಯಮವಲ್ಲ. ಅಲ್ಲಿ ಮುಂದಿಡುವ ಪ್ರತಿ ಹೆಜ್ಜೆಗೂ ಶ್ರಮದ ಬೆಲೆ ತೆರಬೇಕು. ಬೆಳಕಿಲ್ಲ, ಆಮ್ಲಜನಕ ಕಡಿಮೆ, ಆಹಾರ ವಿರಳ. ಆದ್ದರಿಂದಲೇ ಮಣ್ಣು ತನ್ನೊಳಗಿನ ಜೀವಿಗಳನ್ನು ಒಂದೇ ಅಚ್ಚಿಗೆ ತರುತ್ತದೆ. ಯೂರೋಪಿನ ಮೋಲ್, ಆಫ್ರಿಕಾದ ಗೋಲ್ಡನ್ ಮೋಲ್, ಆಸ್ಟ್ರೇಲಿಯಾದ ಹೊಟ್ಟೆಚೀಲವುಳ್ಳ ಮೋಲ್ ಈ ಮೂರೂ ಬೇರೆ ಬೇರೆ ವಂಶದವು. ಆದರೂ ಮೂರರದೂ ಉರುಟು ದೇಹ, ಕುಗ್ಗಿದ ಕಣ್ಣು, ತೋಡಲು ಬಲಿತ ಮುಂಗಾಲು. ಬಿಲವಾಸಿಯನ್ನು ಕಲ್ಪಿಸಹೊರಟವನಿಗೆ ಈ ಅಚ್ಚು ವ್ಯಾಕರಣವಿದ್ದಂತೆ. ಅದನ್ನು ಅರಿತವನು ಮಾತ್ರ ಹೊಸ ವಾಕ್ಯವನ್ನು ರಚಿಸಬಲ್ಲ.

ಇಂಥದೊಂದು ರಚನೆ ನಿಜವಾಗಿಯೂ ನಡೆಯಿತು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜೀವವಿಕಾಸ ತಜ್ಞ ರಿಚರ್ಡ್ ಅಲೆಕ್ಸಾಂಡರ್ 1970ರ ದಶಕದ ನಡುವೆ ತಮ್ಮ ಉಪನ್ಯಾಸಗಳಲ್ಲಿ ಒಂದು ಪ್ರಶ್ನೆಯನ್ನೆತ್ತಿದರು: ಒಂದೇ ರಾಣಿ, ಉಳಿದವರೆಲ್ಲ ಕೆಲಸಗಾರರು ಎಂಬ ಗೆದ್ದಲಿನ ಸಮಾಜವ್ಯವಸ್ಥೆ ಬೆನ್ನೆಲುಬುಳ್ಳ ಪ್ರಾಣಿಯಲ್ಲಿ ಮೂಡಬಹುದಾದರೆ ಅದು ಎಂಥ ಪ್ರಾಣಿಯಾಗಿರಬೇಕು? ಅಂಥ ಪ್ರಾಣಿ ಆಗ ಅವರಿಗೆ ಗೊತ್ತಿರಲಿಲ್ಲ. ಅವರು ಗೆದ್ದಲಿನಿಂದ ಆರಂಭಿಸಿ ತರ್ಕದ ಎಳೆ ಹಿಡಿದು ನಡೆದರು. ಗೂಡು ಸುರಕ್ಷಿತವಾಗಿದ್ದು, ಸಂಸಾರ ಬೆಳೆದಂತೆ ಬೆಳೆಯಬೇಕು; ಹಾಗಾದರೆ ಅದು ನೆಲದೊಳಗಿರಬೇಕು. ಹೊರಗೆ ಬಾರದೆ ಹೊಟ್ಟೆ ತುಂಬಬೇಕು; ಹಾಗಾದರೆ ದೊಡ್ಡ ಗೆಡ್ಡೆಗಳೇ ಆಹಾರ. ಶತ್ರು ಅಗೆಯಲಾಗದಂತೆ ಮಣ್ಣು ಗಟ್ಟಿ ಜೇಡಿಯಾಗಿರಬೇಕು. ಆಗ ಒಳನುಗ್ಗಬಲ್ಲ ಮುಖ್ಯ ಶತ್ರು ಹಾವು. ಮಳೆಗಾಲ ಬೇಸಗೆಗಳು ಸ್ಪಷ್ಟವಾಗಿ ಬೇರ್ಪಟ್ಟ ಉಷ್ಣವಲಯ, ಬಹುಶಃ ಆಫ್ರಿಕಾ. ಪ್ರಾಣಿ ಇಲಿಯ ವರ್ಗಕ್ಕೆ ಸೇರಿದ್ದಿರಬೇಕು.

1976ರಲ್ಲಿ ಈ ಉಪನ್ಯಾಸವನ್ನು ಕೇಳಿದ ಸಸ್ತನಿ ತಜ್ಞ ಟೆರಿ ವಾನ್, ಈ ವರ್ಣನೆ ಆಫ್ರಿಕಾದ ನೇಕೆಡ್ ಮೋಲ್ ರ‍್ಯಾಟ್ ಎಂಬ ರೋಮರಹಿತ ಇಲಿಗೆ ಒಪ್ಪುತ್ತದೆಂದು ತಿಳಿಸಿದರು. ದಕ್ಷಿಣ ಆಫ್ರಿಕಾದಲ್ಲಿ ಆ ಪ್ರಾಣಿಯನ್ನು ಅಭ್ಯಸಿಸುತ್ತಿದ್ದ ಜೆನಿಫರ್ ಜಾರ್ವಿಸ್ 1981ರಲ್ಲಿ ಪ್ರಕಟಿಸಿದ ಸಂಶೋಧನೆ ಅದರ ಬಿಲದಲ್ಲಿ ಒಬ್ಬಳೇ ರಾಣಿ ಹೆರುತ್ತಾಳೆ, ಉಳಿದವು ದುಡಿಯುತ್ತವೆ ಎಂಬುದನ್ನು ಸ್ಥಾಪಿಸಿತು. ಇಲ್ಲಿ ಕಲ್ಪನೆ ವಾಸ್ತವವನ್ನು ಅನುಕರಿಸಲಿಲ್ಲ. ಅದಕ್ಕಿಂತ ಮೊದಲೇ ಹೋಗಿ ಬಾಗಿಲಲ್ಲಿ ಕಾದು ನಿಂತಿತ್ತು. ಆದರೆ ವಾಸ್ತವ ಕಲ್ಪನೆಗಿಂತ ಶ್ರೀಮಂತವೆಂಬುದನ್ನೂ ಮರೆಯಲಾಗದು. ತುಟಿಗಳ ಹೊರಗೇ ಇರುವ, ಮಣ್ಣು ಬಾಯಿಗೆ ಹೋಗದಂತೆ ತೋಡಬಲ್ಲ ಹಲ್ಲುಗಳು, ಮೂವತ್ತು ವರ್ಷ ಮೀರುವ ಆಯುಷ್ಯ, ಆಮ್ಲಜನಕವೇ ಇಲ್ಲದೆ 18 ನಿಮಿಷ ಬದುಕುಳಿಯುವ ಶಕ್ತಿ (ಇದು ತಿಳಿದುಬಂದದ್ದು 2017ರಲ್ಲಿ) ಇವು ಯಾವ ತರ್ಕದ ಎಳೆಗೂ ಸಿಕ್ಕಿರಲಿಲ್ಲ.

ಕಾದಂಬರಿಯ ಪ್ರಾಣಿಗೂ ಇದೇ ಒರೆಗಲ್ಲು ಸಲ್ಲುತ್ತದೆಯೆ? ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ (1965) ಕಾದಂಬರಿಯ ಮರಳುಹುಳು ನಾನೂರು ಮೀಟರಿಗೂ ಮೀರಿ ಬೆಳೆಯುತ್ತದೆ. ಅಷ್ಟು ದೊಡ್ಡ ದೇಹ ಮರಳಿನ ಘರ್ಷಣೆಯನ್ನು ಗೆದ್ದು ಸಾಗಲು ಬೇಕಾದ ಶಕ್ತಿ ಮರುಭೂಮಿಯಲ್ಲಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಕೃತಿಯಲ್ಲಿ ತೃಪ್ತಿಕರ ಉತ್ತರವಿಲ್ಲ. ಇದು ನಿಜವಾದ ಕೊರತೆ. ಆದರೆ ಹುಳುವಿನ ಜೀವನಚಕ್ರವನ್ನು ಲೇಖಕರು ಎಚ್ಚರದಿಂದ ಹೆಣೆದಿದ್ದಾರೆ. ಲಯಬದ್ಧ ಕಂಪನಕ್ಕೆ ಹುಳು ಎರಗುತ್ತದೆ, ಆದ್ದರಿಂದ ಅಲ್ಲಿನ ಜನ ಲಯತಪ್ಪಿಸಿ ನಡೆಯುವುದನ್ನು ಕಲಿತಿದ್ದಾರೆ. ನೀರು ಹುಳುವಿಗೆ ವಿಷ, ಆದ್ದರಿಂದ ಮರುಭೂಮಿಯನ್ನು ಹಸುರಾಗಿಸುವ ಜನರ ಕನಸು ಅವರ ದೈವವನ್ನೇ ಕೊಲ್ಲುವ ಕನಸಾಗುತ್ತದೆ. ಕಥನದ ದುರಂತ ನಿಂತಿರುವುದು ಹುಳುವಿನ ದೇಹಧರ್ಮದ ಮೇಲೆ. ಅದನ್ನು ಕೇವಲ ಅಧಿಕಾರದ ಸಂಕೇತವೆಂದು ಓದಿದರೆ ಈ ದುರಂತವೇ ಕೈತಪ್ಪುತ್ತದೆ.

ಕಟ್ಟುಪಾಡಿಲ್ಲದ ಕಲ್ಪನೆ ಏನು ಮಾಡೀತು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕರ್ನಾಟಕದ ಹೊಲಗಳಲ್ಲಿ ಸಡಿಲ ಮಣ್ಣಿನೊಳಗೆ ಬದುಕುವ, ವಿಷವಿಲ್ಲದ ಮಣ್ಣುಮುಕ್ಕ ಹಾವಿನ ಮೊಂಡು ಬಾಲ ತಲೆಯಂತೆಯೇ ಕಾಣುತ್ತದೆ. ಶತ್ರುವಿನ ಪೆಟ್ಟನ್ನು ತಲೆಯಿಂದ ಬಾಲದತ್ತ ತಿರುಗಿಸುವ ಉಪಾಯವದು. ಜನರ ಕಲ್ಪನೆ ಅದಕ್ಕೆ ಎರಡನೆಯ ತಲೆಯನ್ನು ಕೊಟ್ಟಿತು. ಅನಂತರ ನಿಧಿ ತೋರುವ, ಅದೃಷ್ಟ ತರುವ ಶಕ್ತಿಯನ್ನೂ ಕೊಟ್ಟಿತು. ಈಗ ಆ ‘ಎರಡು ತಲೆ ಹಾವು’ ಕಳ್ಳಸಾಗಣೆಯ ಸರಕು. ಬಾಲ ಬಾಲವೇ ಏಕೆ ಆಗಿದೆ ಎಂದು ಕೇಳದ ಕಲ್ಪನೆ ಪ್ರಾಣಿಯ ಪ್ರಾಣಕ್ಕೇ ಎರವಾಗಿದೆ. ಜನಪದ ನಂಬಿಕೆಗಳ ಅಧ್ಯಯನ ಇಂಥ ನಂಬಿಕೆಯನ್ನು ಸಂಗ್ರಹಿಸಿ ಸಂಭ್ರಮಿಸಿದರಷ್ಟೇ ಸಾಲದು. ಅದರ ಆಚೆಗಿರುವ ಜೀವಿಯನ್ನೂ ಗುರುತಿಸಬೇಕು.

ಜೀವಶಾಸ್ತ್ರದ ಲೆಕ್ಕಕ್ಕೆ ಸಾಹಿತ್ಯವನ್ನು ಒಪ್ಪಿಸುವುದು ರಸಹಾನಿಗೆ ದಾರಿ ಎಂಬ ಆಕ್ಷೇಪ ಬರಬಹುದು. ಸಾಧ್ಯಾಸಾಧ್ಯತೆಯ ಅಂಕಪಟ್ಟಿ ಹಿಡಿದು ಕೃತಿಯನ್ನು ಅಳೆಯಬೇಕೆಂಬುದು ಇಲ್ಲಿನ ವಾದವಲ್ಲ. ಗಂಡಭೇರುಂಡ ಹಾರಬಲ್ಲುದೆ ಎಂದು ಕೇಳುವುದು ಅರ್ಥಹೀನ, ಏಕೆಂದರೆ ಅದರ ಆಶಯ ಬೇರೆ. ಆದರೆ ದೇಹವುಳ್ಳ ಜೀವಿಯಾಗಿಯೇ ಕಲ್ಪಿತವಾದ ಪ್ರಾಣಿಗೆ ದೇಹದ ಓದು ಸಲ್ಲಬೇಕು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಬಿಲವಾಸಿಯ ಕಥೆಯಲ್ಲವಾದರೂ ಈ ಮಾತಿಗೆ ಕನ್ನಡದ ಬಹುಮುಖ್ಯ ಸಾಕ್ಷಿ. ಅಲ್ಲಿನ ಹಾರುವ ಓತಿಯನ್ನು ಅರಿವಿನ ಅನ್ವೇಷಣೆಯ ಪ್ರತೀಕವೆಂದು ಬೋಧಿಸುವುದು ಸುಲಭ. ಆದರೆ ಅದು ಮೊದಲು ಓತಿಯಾಗಿರದಿದ್ದರೆ ಪ್ರತೀಕವೂ ಆಗುತ್ತಿರಲಿಲ್ಲ.

ಸ್ನಾತಕೋತ್ತರ ತರಗತಿಗಳಲ್ಲಿ ಇಂಥ ಕೃತಿಗಳನ್ನು ಬೋಧಿಸುವಾಗ ‘ಈ ಪ್ರಾಣಿ ಏನನ್ನು ಸೂಚಿಸುತ್ತದೆ’ ಎಂಬ ಪ್ರಶ್ನೆಗೆ ಮುನ್ನ ‘ಈ ಪ್ರಾಣಿ ಹೇಗೆ ಬದುಕುತ್ತದೆ’ ಎಂಬ ಪ್ರಶ್ನೆಯನ್ನು ಕೇಳುವುದು ಅವಶ್ಯ. ಪ್ರಾಣಿಶಾಸ್ತ್ರ ವಿಭಾಗದ ಅಧ್ಯಾಪಕರನ್ನು ಒಂದು ತರಗತಿಗೆ ಕರೆದರೂ ಸಾಕು, ಚರ್ಚೆಯ ದಿಕ್ಕು ಬದಲಾಗುತ್ತದೆ. ಗೆದ್ದಲಿನ ಗೂಡಿನಿಂದ ಹೊರಟ ಯೋಚನೆಯೊಂದು ಎಂದೂ ಕಾಣದ ಇಲಿಯ ಬಿಲವನ್ನು ಮುಟ್ಟಬಲ್ಲುದಾದರೆ, ಊರೂರಲ್ಲೂ ಹುತ್ತಗಳಿರುವ ನಾಡಿನ ಸಾಹಿತ್ಯಾಧ್ಯಯನಕ್ಕೆ ಅಂಥ ಯೋಚನೆ ಪರಕೀಯವಾಗಬೇಕಾಗಿಲ್ಲ.