‘ಬ್ರೇಕ್ ಫೇಲ್’ ಎಂಬ ಸುಲಭದ ಉತ್ತರ

2022ರ ನವೆಂಬರ್ 20ರ ರಾತ್ರಿ ಪುಣೆಯ ನವಲೆ ಸೇತುವೆಯ ಬಳಿ ಇಳಿಜಾರಿನಲ್ಲಿ ಬಂದ ಲಾರಿಯೊಂದು ಮುಂದಿದ್ದ ವಾಹನಗಳಿಗೆ ಸಾಲಾಗಿ ಡಿಕ್ಕಿ ಹೊಡೆಯಿತು. 48 ವಾಹನಗಳು ಜಖಂಗೊಂಡವು. ಮೊದಲು ಕೇಳಿಬಂದ ಕಾರಣ ಎರಡೇ ಪದಗಳದ್ದು: ಬ್ರೇಕ್ ಫೇಲ್. ಆದರೆ ಇಂಧನ ಉಳಿಸಲೆಂದು ಚಾಲಕ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿದ್ದ ಎಂಬ ಅಂಶ ಪೊಲೀಸರ ವಿಚಾರಣೆಯಲ್ಲಿ ಹೊರಬಿತ್ತು. 2025ರ ನವೆಂಬರ್ 13ರಂದು ಅದೇ ಸೇತುವೆಯ ಬಳಿ ನಿಯಂತ್ರಣ ತಪ್ಪಿದ ಕಂಟೇನರ್ ಲಾರಿ ಎಂಟು ಜನರ ಪ್ರಾಣ ತೆಗೆಯಿತು. ಆಗಲೂ ಮೊದಲ ಉತ್ತರ ಅದೇ ಆಗಿತ್ತು.

ಇದು ದೂರದ ಊರಿನ ಸುದ್ದಿಯಲ್ಲ. ಬೆಂಗಳೂರಿನಿಂದ ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗಳನ್ನು ಹಾದು ಮುಂಬೈ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48ರ ಮೇಲೆಯೇ ಆ ಸೇತುವೆ ಇದೆ. ರಾಜ್ಯದೊಳಗೂ ಶಿರಾಡಿ, ಚಾರ್ಮಾಡಿ, ಅರಬೈಲು ಘಾಟಿಗಳಲ್ಲಿ ಲಾರಿ ಉರುಳಿದಾಗಲೆಲ್ಲ ಇದೇ ವಿವರಣೆ ಮೊದಲು ಬರುತ್ತದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಅದು ಕಾರಣವೂ ಅಲ್ಲ, ಹೆಚ್ಚೆಂದರೆ ಪರಿಣಾಮದ ಹೆಸರು. ಇದನ್ನು ಅರಿಯಬೇಕಾದರೆ ಭಾರಿ ವಾಹನದ ಗಾಳಿ ಬ್ರೇಕ್ ಹೇಗೆ ಕೆಲಸ ಮಾಡುತ್ತದೆ, ಅದರಲ್ಲಿ ರಿಲೇ ವಾಲ್ವ್ ಎಂಬ ಅಂಗೈಯಗಲದ ಲೋಹದ ಭಾಗದ ಪಾತ್ರವೇನು ಎಂಬುದನ್ನು ತಿಳಿಯುವುದು ಅಗತ್ಯ.

ಗಾಳಿಯೇ ಬಲ

ಕಾರಿನಲ್ಲಿ ಪೆಡಲ್ ಒತ್ತಿದರೆ ಆ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಬ್ರೇಕ್ ಆಯಿಲ್. ನಲವತ್ತು ಟನ್ ತೂಕದ ಲಾರಿಯನ್ನು ನಿಲ್ಲಿಸಲು ಚಾಲಕನ ಕಾಲಿನ ಬಲ ಸಾಲದು. ಅಲ್ಲಿ ಸಂಕುಚಿತ ಗಾಳಿಯೇ ದುಡಿಯಬೇಕು. ಎಂಜಿನ್‌ಗೆ ಜೋಡಿಸಿದ ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದು ಒತ್ತುತ್ತದೆ. ಡ್ರೈಯರ್ ಅದರ ತೇವಾಂಶ ಹೀರುತ್ತದೆ. ಬಳಿಕ ಆ ಗಾಳಿ ಚಾಸಿಗೆ ಬಿಗಿದ ಉಕ್ಕಿನ ಟ್ಯಾಂಕ್‌ಗಳಲ್ಲಿ ಸುಮಾರು 8 ಬಾರ್ ಒತ್ತಡದಲ್ಲಿ ಸಂಗ್ರಹವಾಗುತ್ತದೆ. ಕಾರಿನ ಟೈರ್‌ನಲ್ಲಿರುವುದು 2 ಬಾರ್‌ಗಿಂತ ತುಸು ಹೆಚ್ಚು ಒತ್ತಡ ಎಂಬುದನ್ನು ನೆನೆದರೆ ಇದರ ಪ್ರಮಾಣ ತಿಳಿದೀತು.

ಲಾರಿ ಚಾಲಕ ಒತ್ತುವ ಪೆಡಲ್ ನಿಜಕ್ಕೂ ಒಂದು ನಲ್ಲಿ ಇದ್ದಂತೆ. ಎಷ್ಟು ಒತ್ತಿದರೆ ಅಷ್ಟು ಗಾಳಿ ಮುಂದಕ್ಕೆ ಹೋಗುತ್ತದೆ. ಚಕ್ರದ ಬಳಿಯ ಬ್ರೇಕ್ ಚೇಂಬರ್‌ನೊಳಗೆ ಆ ಗಾಳಿ ರಬ್ಬರ್ ಪರದೆಯನ್ನು ತಳ್ಳಿದಾಗ ಅದಕ್ಕೆ ತಗುಲಿದ ಸರಳು ಚಲಿಸುತ್ತದೆ. ಸರಳು ಸ್ಲ್ಯಾಕ್ ಅಡ್ಜಸ್ಟರ್ ಎಂಬ ಸನ್ನೆಯನ್ನು ತಿರುಗಿಸುತ್ತದೆ. ಆಗ ಡ್ರಮ್‌ನೊಳಗಿನ ಬ್ರೇಕ್ ಶೂಗಳು ಅಗಲಿ, ಲೈನರ್ ಡ್ರಮ್‌ಗೆ ಉಜ್ಜಿ ಚಕ್ರ ನಿಲ್ಲುತ್ತದೆ.

ರಿಲೇ ವಾಲ್ವ್ ಏಕೆ ಬೇಕು?

ಗಾಳಿಗೆ ಒಂದು ದೌರ್ಬಲ್ಯವಿದೆ. ಅದು ಆಯಿಲ್‌ನಂತಲ್ಲ, ಒತ್ತಿದರೆ ಕುಗ್ಗುತ್ತದೆ, ಕೊಳವೆ ಉದ್ದವಾದಷ್ಟೂ ತಡವಾಗಿ ತಲುಪುತ್ತದೆ. ಹನ್ನೆರಡು ಮೀಟರ್ ಉದ್ದದ ಲಾರಿಯಲ್ಲಿ ಹಿಂದಿನ ಚಕ್ರಗಳಿಗೆ ಬೇಕಾದ ಅಷ್ಟೂ ಗಾಳಿ ಪೆಡಲ್‌ನ ಮೂಲಕವೇ ಹರಿದು ಹೋಗಬೇಕೆಂದರೆ ಹಿಂದಿನ ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಪೆಡಲ್ ಬಿಟ್ಟಾಗ ಅದೇ ಗಾಳಿ ಅದೇ ದಾರಿಯಲ್ಲಿ ಹಿಂದಿರುಗಿ ಹೊರಹೋಗಬೇಕಾದ್ದರಿಂದ ಬ್ರೇಕ್ ಬಿಡುವುದೂ ತಡ.

ಈ ತೊಡಕಿಗೆ ರಿಲೇ ವಾಲ್ವ್ ಪರಿಹಾರ. ಅದನ್ನು ಹಿಂದಿನ ಆ್ಯಕ್ಸಲ್‌ಗೆ ಹತ್ತಿರದಲ್ಲಿ ಅಳವಡಿಸಿ, ಟ್ಯಾಂಕ್‌ನಿಂದ ದಪ್ಪ ಕೊಳವೆಯೊಂದನ್ನು ನೇರವಾಗಿ ಜೋಡಿಸುತ್ತಾರೆ. ಪೆಡಲ್‌ನಿಂದ ಬರುವುದು ಸಣ್ಣ ಕೊಳವೆ. ಅದು ತರುವುದು ಸಂದೇಶವನ್ನು ಮಾತ್ರ. ಪಡಿತರ ವ್ಯವಸ್ಥೆಯ ಹೋಲಿಕೆ ಇಲ್ಲಿ ಒಪ್ಪುತ್ತದೆ. ಅಕ್ಕಿ ಬಿಡುಗಡೆಯ ಆದೇಶ ರಾಜಧಾನಿಯಿಂದ ಹೊರಡುತ್ತದೆ, ಅಕ್ಕಿ ಮಾತ್ರ ತಾಲ್ಲೂಕಿನ ಗೋದಾಮಿನಿಂದಲೇ ಬರುತ್ತದೆ. ಮೂಟೆಗಳೆಲ್ಲ ಬೆಂಗಳೂರಿನಿಂದಲೇ ಬರಬೇಕೆಂದಿದ್ದರೆ ಊರಿನವರು ಉಪವಾಸ ಬೀಳುತ್ತಿದ್ದರು.

ವಾಲ್ವ್‌ನೊಳಗೆ ನಡೆಯುವುದು ಸರಳ ಕ್ರಿಯೆ. ಸಂದೇಶದ ಗಾಳಿ ಒಂದು ಪಿಸ್ಟನ್‌ನ ತಲೆಯ ಮೇಲೆ ಒತ್ತುತ್ತದೆ. ಪಿಸ್ಟನ್ ಕೆಳಗಿಳಿದು ಮೊದಲು ಹೊರಗಾಳಿಯ ದ್ವಾರವನ್ನು ಮುಚ್ಚುತ್ತದೆ, ಅನಂತರ ಟ್ಯಾಂಕ್‌ನ ದ್ವಾರವನ್ನು ತೆರೆಯುತ್ತದೆ. ಟ್ಯಾಂಕ್‌ನ ಗಾಳಿ ಬ್ರೇಕ್ ಚೇಂಬರ್‌ಗಳಿಗೆ ನುಗ್ಗುತ್ತದೆ. ಅಲ್ಲಿನ ಒತ್ತಡ ಪಿಸ್ಟನ್‌ನ ಕೆಳಭಾಗವನ್ನೂ ತಳ್ಳುವುದರಿಂದ ಮೇಲಿನ ಒತ್ತಡಕ್ಕೂ ಕೆಳಗಿನ ಒತ್ತಡಕ್ಕೂ ಸಮತೋಲ ಬಂದೊಡನೆ ಎರಡು ದ್ವಾರಗಳೂ ಮುಚ್ಚಿಕೊಳ್ಳುತ್ತವೆ. ಚಾಲಕ ಪೆಡಲ್ ಒತ್ತಿದಷ್ಟೇ ಬ್ರೇಕ್, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಪೆಡಲ್ ಬಿಟ್ಟಾಗ ಸಂದೇಶದ ಒತ್ತಡ ಇಳಿದು ಪಿಸ್ಟನ್ ಮೇಲೇರುತ್ತದೆ. ಚೇಂಬರ್‌ನ ಗಾಳಿ ಅಲ್ಲಿಯೇ ‘ಸುಸ್ಸ್’ ಎಂದು ಹೊರಬೀಳುತ್ತದೆ. ಸಿಗ್ನಲ್‌ನಲ್ಲಿ ಲಾರಿಯ ಪಕ್ಕ ನಿಂತವರಿಗೆ ಕೇಳಿಸುವ ಸದ್ದುಗಳಲ್ಲಿ ಇದೂ ಒಂದು.

ಕಾಲ ಎಷ್ಟು ಮುಖ್ಯವೆಂಬುದು ಒಂದು ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಪೆಡಲ್ ಒತ್ತಿದ 0.6 ಸೆಕೆಂಡ್‌ನೊಳಗೆ ಅತಿ ದೂರದ ಚೇಂಬರ್‌ನಲ್ಲೂ ಅಂತಿಮ ಒತ್ತಡದ ಶೇ 75ರಷ್ಟು ಮೂಡಬೇಕೆಂದು ಯುರೋಪಿನ ಬ್ರೇಕ್ ನಿಯಮ ಹೇಳುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಲಾರಿ ಅಷ್ಟರೊಳಗೆ ಹತ್ತು ಮೀಟರ್ ಕ್ರಮಿಸಿರುತ್ತದೆ. ವಾಲ್ವ್ ಜಿಡ್ಡುಗಟ್ಟಿ ಇನ್ನರ್ಧ ಸೆಕೆಂಡ್ ತಡವಾದರೆ ಮತ್ತೆ ಎಂಟು ಮೀಟರ್. ಮುಂದಿರುವುದು ಶಾಲಾ ವಾಹನವೋ ಖಾಲಿ ರಸ್ತೆಯೋ ಎಂಬುದರ ಮೇಲೆ ಆ ಎಂಟು ಮೀಟರ್‌ನ ಬೆಲೆ ನಿರ್ಧಾರವಾಗುತ್ತದೆ.

ಗಾಳಿ ಹೋದರೆ ಬ್ರೇಕ್ ಹೋಗುವುದಿಲ್ಲ

ಗಾಳಿ ಸೋರಿದರೆ ಲಾರಿ ಅನಾಥವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವ್ಯವಸ್ಥೆಯ ರಚನೆ ಇದಕ್ಕೆ ವಿರುದ್ಧವಾದುದು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗೆ ರೂಪಿಸಿದ ಮೊದಲ ಗಾಳಿ ಬ್ರೇಕ್‌ನಲ್ಲಿ ಈ ದೋಷವಿತ್ತು. ಕೊಳವೆ ಒಡೆದರೆ ಬ್ರೇಕ್ ಇಲ್ಲ. 1872ರ ಸುಧಾರಿತ ವಿನ್ಯಾಸದಲ್ಲಿ ಆತ ತರ್ಕವನ್ನೇ ತಿರುಗಿಸಿದ. ಒತ್ತಡ ಇಳಿದರೆ ಬ್ರೇಕ್ ತಾನಾಗಿ ಹಿಡಿಯತೊಡಗಿತು.

ಇಂದಿನ ಲಾರಿಗಳ ಹಿಂಬದಿಯ ಸ್ಪ್ರಿಂಗ್ ಬ್ರೇಕ್ ಇದೇ ತತ್ತ್ವದ ಮುಂದುವರಿಕೆ. ಬಲವಾದ ಸ್ಪ್ರಿಂಗ್ ಒಂದನ್ನು ಗಾಳಿ ಹಿಡಿದಿಟ್ಟಿರುತ್ತದೆ. ಗಾಳಿ ಇಳಿದರೆ ಸ್ಪ್ರಿಂಗ್ ಬಿಚ್ಚಿಕೊಂಡು ಚಕ್ರವನ್ನು ಬಿಗಿಯುತ್ತದೆ. ಟ್ರೇಲರ್‌ನ ಕೊಳವೆ ಕಳಚಿದರೂ ಅದರ ತುರ್ತು ವಾಲ್ವ್ ಟ್ರೇಲರ್‌ನ ಬ್ರೇಕ್ ಹಿಡಿಸುತ್ತದೆ. ಮುಂದಿನ ಮತ್ತು ಹಿಂದಿನ ಬ್ರೇಕ್‌ಗಳಿಗೆ ಪ್ರತ್ಯೇಕ ಟ್ಯಾಂಕ್‌ಗಳಿವೆ. ಒತ್ತಡ ಅಪಾಯದ ಮಟ್ಟಕ್ಕೆ ಇಳಿಯುವ ಮುನ್ನವೇ ಕ್ಯಾಬಿನ್‌ನಲ್ಲಿ ಎಚ್ಚರಿಕೆಯ ಸದ್ದು ಮೊಳಗುತ್ತದೆ.

ಇಷ್ಟೆಲ್ಲ ಇದ್ದೂ ಲಾರಿ ನಿಲ್ಲುವುದಿಲ್ಲವೆಂದರೆ ಸೋತದ್ದು ಯಾವುದು?

ಶಾಖದ ಲೆಕ್ಕ

ಮೊದಲ ಉತ್ತರ ಶಾಖ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಸಕಲೇಶಪುರದಿಂದ ಕರಾವಳಿಗೆ ಇಳಿಯುವ ಲಾರಿ ಆ ಎತ್ತರದ ಬಹುಭಾಗವನ್ನು ಶಿರಾಡಿಯ ತಿರುವುಗಳಲ್ಲೇ ಕಳೆದುಕೊಳ್ಳುತ್ತದೆ. ನಲವತ್ತು ಟನ್ ತೂಕ 800 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 87 ಯೂನಿಟ್ ವಿದ್ಯುತ್ತಿಗೆ ಸಮ. ಒಂಬೈನೂರು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಎಂಜಿನ್ ಮತ್ತು ಎಕ್ಸಾಸ್ಟ್ ಬ್ರೇಕ್ ಇದರ ದೊಡ್ಡ ಪಾಲನ್ನು ಹೊರದಿದ್ದರೆ ಆ ಹೊರೆಯೆಲ್ಲ ಡ್ರಮ್‌ಗಳ ಮೇಲೆ ಬೀಳುತ್ತದೆ. ಕಾದ ಡ್ರಮ್ ಹಿಗ್ಗಿ ಲೈನರ್‌ನಿಂದ ದೂರ ಸರಿಯುತ್ತದೆ. ಕಾದ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಆಗ ಟ್ಯಾಂಕ್ ತುಂಬ ಗಾಳಿ ಇರುತ್ತದೆ, ರಿಲೇ ವಾಲ್ವ್ ತನ್ನ ಕೆಲಸ ಮಾಡಿರುತ್ತದೆ, ಆದರೂ ಚಕ್ರ ನಿಲ್ಲುವುದಿಲ್ಲ. ಸ್ಪ್ರಿಂಗ್ ಬ್ರೇಕ್ ಕೂಡ ಅದೇ ಕಾದ ಡ್ರಮ್ಮನ್ನೇ ನಂಬಿರುವುದರಿಂದ ಅದೂ ಕೈಕೊಡುತ್ತದೆ.

ಎರಡನೆಯದು ಡೀಸೆಲ್ ಉಳಿಸುವ ಹಳೆಯ ಚಟ. ಇಳಿಜಾರಿನಲ್ಲಿ ಗೇರ್ ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್‌ನ ಹಿಡಿತ ತಪ್ಪುತ್ತದೆ. ಎಂಜಿನ್ನನ್ನೇ ಬಂದ್ ಮಾಡಿದರೆ ಕಂಪ್ರೆಸರ್ ಕೂಡ ನಿಲ್ಲುತ್ತದೆ. ಪ್ರತಿ ಬಾರಿ ಪೆಡಲ್ ಒತ್ತಿ ಬಿಟ್ಟಾಗ ಒಂದಿಷ್ಟು ಗಾಳಿ ಹೊರಹೋಗುತ್ತದೆ, ಅದನ್ನು ತುಂಬುವವರು ಯಾರೂ ಇಲ್ಲ. ಸ್ಪ್ರಿಂಗ್ ಪೂರ್ತಿ ಬಿಗಿಯುವಷ್ಟು ಒತ್ತಡ ಇಳಿಯುವ ಹೊತ್ತಿಗೆ ವೇಗ ಕೈಮೀರಿರುತ್ತದೆ, ಡ್ರಮ್‌ಗಳು ಕಾದಿರುತ್ತವೆ. ನವಲೆಯ 2022ರ ಪ್ರಕರಣದ ಪಾಠ ಇದೇ. ಯಂತ್ರ ಸೋಲುವ ಮುನ್ನ ಅದರ ಉಸಿರನ್ನು ಮನುಷ್ಯನೇ ನಿಲ್ಲಿಸಿರುತ್ತಾನೆ.

ಮೂರನೆಯದು ನಿರ್ವಹಣೆ. ಲೈನರ್ ಸವೆದಂತೆ ಸರಳು ಚಲಿಸಬೇಕಾದ ದೂರ ಹೆಚ್ಚುತ್ತದೆ. ಒಂದು ಮಿತಿ ದಾಟಿದರೆ ಅದರ ಬಲವೇ ಕುಗ್ಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇದು ಗಮನಕ್ಕೆ ಬರುವುದಿಲ್ಲ, ಘಾಟಿಯಲ್ಲಿ ಡ್ರಮ್ ಹಿಗ್ಗಿದಾಗ ಬಯಲಾಗುತ್ತದೆ. ಡ್ರೈಯರ್‌ನ ಕ್ಯಾನ್ ಬದಲಿಸದಿದ್ದರೆ ನೀರು ಮತ್ತು ಕಂಪ್ರೆಸರ್‌ನ ಎಣ್ಣೆ ಸೇರಿದ ರಾಡಿ ರಿಲೇ ವಾಲ್ವ್‌ನೊಳಗೆ ಸೇರುತ್ತದೆ. ರಬ್ಬರ್ ಉಂಗುರಗಳು ಉಬ್ಬುತ್ತವೆ, ಪಿಸ್ಟನ್ ಅಂಟಿಕೊಳ್ಳುತ್ತದೆ. ಬ್ರೇಕ್ ತಡವಾಗಿ ಹಿಡಿಯುವುದು ಒಂದು ಅಪಾಯವಾದರೆ, ತಡವಾಗಿ ಬಿಡುವುದು ಇನ್ನೊಂದು. ಪೂರ್ತಿ ಬಿಡದ ಬ್ರೇಕ್ ಚಾಲಕನಿಗೆ ಗೊತ್ತಾಗದಂತೆ ಉಜ್ಜುತ್ತಲೇ ಇದ್ದು, ಘಾಟಿ ಆರಂಭವಾಗುವ ಮೊದಲೇ ಡ್ರಮ್ಮನ್ನು ಕಾಯಿಸಿಟ್ಟಿರುತ್ತದೆ.

ಈ ದೋಷಗಳಾವುವೂ ಹಠಾತ್ತಾಗಿ ಬರುವಂಥವಲ್ಲ. ಪೆಡಲ್ ಬಿಟ್ಟಿರುವಾಗ ವಾಲ್ವ್‌ನ ಹೊರದ್ವಾರದಿಂದ ಗಾಳಿ ಸೋರಿದರೆ ಒಳದ್ವಾರದ ಸೀಲ್ ಸವೆದಿರುವ ಸೂಚನೆ. ಒತ್ತಿದಾಗ ಸೋರಿದರೆ ಹೊರದ್ವಾರದ ಸೀಲ್ ಸವೆದಿರುವ ಸೂಚನೆ. ಸಾಬೂನು ನೀರು ಹಚ್ಚಿ ನೋಡಿದರೆ ಗುಳ್ಳೆಗಳೇ ಹೇಳುತ್ತವೆ. ಇಡೀ ವಾಲ್ವ್ ಬದಲಿಸಿದರೂ ಲಾರಿಯ ಒಂದು ಹೊಸ ಟೈರ್‌ನಷ್ಟು ಖರ್ಚಾಗದು.

ತಪಾಸಣೆ ಮತ್ತು ಹೊಣೆ

2018 ಈ ದೃಷ್ಟಿಯಿಂದ ಗಮನಾರ್ಹ ವರ್ಷ. ಅದೇ ವರ್ಷ ಕೇಂದ್ರ ಸರ್ಕಾರ ಲಾರಿಗಳ ಭಾರಮಿತಿಯನ್ನು ಏರಿಸಿತು. ನಾಲ್ಕು ಟೈರ್‌ಗಳ ಒಂಟಿ ಆ್ಯಕ್ಸಲ್‌ನ ಮಿತಿ 10.2 ಟನ್‌ನಿಂದ 11.5 ಟನ್‌ಗೆ ಏರಿತು. ಅದೇ ವರ್ಷದ ಇನ್ನೊಂದು ತಿದ್ದುಪಡಿಯಂತೆ ಎಂಟು ವರ್ಷದೊಳಗಿನ ಸಾರಿಗೆ ವಾಹನಗಳಿಗೆ ವರ್ಷಕ್ಕೊಮ್ಮೆಯ ಬದಲು ಎರಡು ವರ್ಷಕ್ಕೊಮ್ಮೆ ಅರ್ಹತಾ ಪತ್ರ ಪಡೆದರೆ ಸಾಕೆಂದಾಯಿತು. ಸಾಗಣೆ ವೆಚ್ಚ ತಗ್ಗಿಸುವ ಉದ್ದೇಶ ಅರ್ಥವಾಗುವಂಥದ್ದೇ. ಆದರೆ ದೂರ ಸಂಚಾರದ ಲಾರಿ ಎರಡು ವರ್ಷಗಳಲ್ಲಿ ಲಕ್ಷ ಕಿಲೋಮೀಟರ್ ದಾಟುವುದು ಸಾಮಾನ್ಯ. ಬ್ರೇಕ್‌ನ ಮೇಲೆ ಹೊರೆ ಹೆಚ್ಚಿತು, ಅದನ್ನು ನೋಡುವ ಸರ್ಕಾರಿ ಕಣ್ಣು ಅಪರೂಪವಾಯಿತು. ಭಾರಿ ವಾಹನಗಳಿಗೆ ಕಡ್ಡಾಯವಾದ ಎಬಿಎಸ್ ಚಕ್ರ ಲಾಕ್ ಆಗುವುದನ್ನು ತಡೆಯುತ್ತದೆಯೇ ಹೊರತು ಕಾದ ಡ್ರಮ್ಮನ್ನು ತಣಿಸುವುದಿಲ್ಲ.

ಅಪಘಾತದ ನಂತರದ ಪ್ರಕ್ರಿಯೆಯಲ್ಲೂ ಕೊರತೆ ಇದೆ. ಮೋಟಾರು ವಾಹನ ನಿರೀಕ್ಷಕರ ವರದಿ ಯಾಂತ್ರಿಕ ದೋಷ ಇತ್ತೇ, ಇಲ್ಲವೇ ಎಂಬ ಒಂದು ಸಾಲಿನ ಉತ್ತರಕ್ಕೆ ನಿಂತರೆ ಅದರಿಂದ ಮುಂದಿನ ಲಾರಿಗೆ ಪ್ರಯೋಜನವಿಲ್ಲ. ಟ್ಯಾಂಕ್‌ನಲ್ಲಿ ಉಳಿದಿದ್ದ ಒತ್ತಡ, ಪ್ರತಿ ಚಕ್ರದ ಸರಳಿನ ಚಲನೆ, ಡ್ರಮ್‌ನ ಬಣ್ಣ ಮತ್ತು ಬಿರುಕು, ವಾಲ್ವ್‌ನ ಒಳಸ್ಥಿತಿ, ಗೇರ್ ಇದ್ದ ಸ್ಥಾನ, ಹೊತ್ತಿದ್ದ ತೂಕ: ಈ ಆರು ಸಂಗತಿಗಳು ದಾಖಲಾದರೆ ‘ಬ್ರೇಕ್ ಫೇಲ್’ ಎಂಬ ಮಾತಿಗೆ ಅರ್ಥ ಬರುತ್ತದೆ.

ಹೊಣೆಯ ಪ್ರಶ್ನೆ ಇಲ್ಲಿಯೇ ಅಡಗಿದೆ. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ ಅಪರಾಧಕ್ಕೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಐದು ವರ್ಷಗಳವರೆಗಿನ ಶಿಕ್ಷೆ ವಿಧಿಸುತ್ತದೆ. ಹಿಂದಿನ ದಂಡಸಂಹಿತೆಯಲ್ಲಿ ಅದು ಎರಡು ವರ್ಷವಿತ್ತು. ಕಟಕಟೆಗೆ ಬರುವವನು ಸಾಮಾನ್ಯವಾಗಿ ಚಾಲಕ. ಲೈನರ್ ಬದಲಿಸುವುದನ್ನು ಮುಂದೂಡಿದವರು, ಮಿತಿ ಮೀರಿ ಸರಕು ಹೇರಿಸಿದವರು, ಡೀಸೆಲ್ ಲೆಕ್ಕ ಬಿಗಿಮಾಡಿ ಚಾಲಕನನ್ನು ನ್ಯೂಟ್ರಲ್‌ಗೆ ತಳ್ಳಿದವರು ಅಲ್ಲಿ ಕಾಣುವುದು ಅಪರೂಪ. ಪರಿಹಾರದ ಪ್ರಕರಣಗಳಲ್ಲಾದರೂ ಕಾನೂನು ಸ್ಪಷ್ಟವಾಗಿದೆ. ಯಾಂತ್ರಿಕ ದೋಷದ ನೆಪ ಹೇಳುವ ಮಾಲೀಕ, ಆ ದೋಷ ಗುಪ್ತವಾಗಿತ್ತು, ಸಾಕಷ್ಟು ಎಚ್ಚರ ವಹಿಸಿದ್ದರೂ ಪತ್ತೆಯಾಗುತ್ತಿರಲಿಲ್ಲ ಎಂದು ಸಾಬೀತುಪಡಿಸಬೇಕೆಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಸಾಬೂನು ನೀರಿಗೆ ಸಿಕ್ಕಿಬೀಳುವ ದೋಷವನ್ನು ಗುಪ್ತ ದೋಷ ಎನ್ನಲಾಗದು.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಎಷ್ಟು ಜೀವಗಳನ್ನು ಸಕಾಲದ ಬ್ರೇಕ್ ತಪಾಸಣೆ ಉಳಿಸಬಹುದಿತ್ತು ಎಂಬುದು ತಿಳಿಯಬೇಕಾದರೆ ಮೊದಲು ‘ಬ್ರೇಕ್ ಫೇಲ್’ ಎಂಬಲ್ಲಿಗೆ ತನಿಖೆ ಮುಗಿಯುವುದು ನಿಲ್ಲಬೇಕು. ಘಾಟಿಯ ತಲೆಯಲ್ಲಿ ಹತ್ತು ನಿಮಿಷ ಲಾರಿ ನಿಲ್ಲಿಸಿ ಗಾಳಿಯ ಮುಳ್ಳು ನೋಡುವ, ಸೋರಿಕೆಗೆ ಕಿವಿಗೊಡುವ, ಕೆಳ ಗೇರ್ ಹಾಕಿ ಇಳಿಯುವ ಚಾಲಕನಿಗೆ ಆ ಹತ್ತು ನಿಮಿಷವನ್ನು ಮಾಲೀಕನೂ ಕೊಡಬೇಕು, ರಸ್ತೆಯ ಬದಿಯಲ್ಲಿ ಅದಕ್ಕೆ ಬೇಕಾದ ಜಾಗವನ್ನು ಸರ್ಕಾರವೂ ಕೊಡಬೇಕು.