ಬುತ್ತಿಯ ಲೆಕ್ಕ

ಚಾರಣಕ್ಕೆ ಹೊರಟ ಹುಡುಗನ ಚೀಲವನ್ನು ತಾಯಿ ತುಂಬಿದರೆ ಅದು ಹೊರಲಾರದಷ್ಟು ಭಾರವಾಗುತ್ತದೆ. ಹುಡುಗನೇ ತುಂಬಿಕೊಂಡರೆ ಎರಡನೆಯ ದಿನ ಬೆಳಿಗ್ಗೆಯೇ ಬಿಸ್ಕತ್ತಿನ ಪೊಟ್ಟಣ ಖಾಲಿಯಾಗಿರುತ್ತದೆ. ಅಂಗಡಿಯಾಗಲಿ, ಬಾವಿಯಾಗಲಿ, ಕರೆದು ನೀರು ಕೊಡುವ ಮನೆಯಾಗಲಿ ಇಲ್ಲದ ಕಡೆಗೆ ಹೋಗುವಾಗ ಎಷ್ಟು ಬುತ್ತಿ ಕಟ್ಟಬೇಕು? ಕಡಿಮೆಯಾದರೆ ಹಸಿವು. ಹೆಚ್ಚಾದರೆ ಹೊರೆ. ಹೊರೆ ಹೆಚ್ಚಿದಷ್ಟೂ ನಡಿಗೆ ನಿಧಾನವಾಗುತ್ತದೆ, ನಿಧಾನವಾದಷ್ಟೂ ದಿನಗಳು ಹೆಚ್ಚುತ್ತವೆ, ದಿನ ಹೆಚ್ಚಿದರೆ ಮತ್ತಷ್ಟು ಬುತ್ತಿ ಬೇಕು. ಮೇಲ್ನೋಟಕ್ಕೆ ಇದು ಅಡುಗೆಮನೆಯ ಪ್ರಶ್ನೆ. ನಿಜವಾಗಿ ನೋಡಿದರೆ ಭೌತವಿಜ್ಞಾನದ ಪ್ರಶ್ನೆ.

ಈ ಪ್ರಶ್ನೆಗೆ ಅತ್ಯಂತ ಕಠಿಣವಾದ ಪರೀಕ್ಷೆ ನಡೆದದ್ದು ಅಂಟಾರ್ಕ್ಟಿಕಾದಲ್ಲಿ. 1911ರಲ್ಲಿ ನಾರ್ವೆಯ ರೋಲ್ಡ್ ಅಮುಂಡ್ಸೆನ್ ಮತ್ತು ಬ್ರಿಟನ್ನಿನ ರಾಬರ್ಟ್ ಸ್ಕಾಟ್ ಇಬ್ಬರೂ ದಕ್ಷಿಣ ಧ್ರುವದತ್ತ ಹೊರಟರು. ಅಮುಂಡ್ಸೆನ್ ಡಿಸೆಂಬರ್ 14ರಂದು ಧ್ರುವ ತಲುಪಿ, ತನ್ನ ನಾಲ್ವರು ಸಂಗಡಿಗರೊಂದಿಗೆ ಸುರಕ್ಷಿತವಾಗಿ ಹಿಂದಿರುಗಿದ. ಸ್ಕಾಟ್ ಮತ್ತು ಅವನ ನಾಲ್ವರು ಜೊತೆಗಾರರು 1912ರ ಜನವರಿ 17ರಂದು ಅಲ್ಲಿಗೆ ಮುಟ್ಟಿದರು. ಐವರಲ್ಲಿ ಒಬ್ಬನೂ ಹಿಂದಿರುಗಲಿಲ್ಲ. ಓಟದಲ್ಲಿ ಯಾರು ಗೆದ್ದರು ಎಂಬ ಕಥೆಯನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಬುತ್ತಿಯ ಕಥೆಯನ್ನು ಅಷ್ಟಾಗಿ ಹೇಳುವುದಿಲ್ಲ.

ಸ್ಕಾಟ್ ಅಜಾಗರೂಕನಾಗಿದ್ದ ಎಂದುಕೊಳ್ಳಬೇಡಿ. ಧ್ರುವಯಾತ್ರೆಗೆ ಮೊದಲು, 1911ರ ಚಳಿಗಾಲದಲ್ಲಿ, ಅವನ ತಂಡದ ಮೂವರು ಎಂಪರರ್ ಪೆಂಗ್ವಿನ್ ಮೊಟ್ಟೆಗಳನ್ನು ಹುಡುಕಿಕೊಂಡು ಐದು ವಾರಗಳ ಭಯಂಕರ ಪ್ರಯಾಣ ಮಾಡಿದ್ದರು. ಹಗಲೆಂಬುದೇ ಇಲ್ಲದ ಕತ್ತಲು, ಸೊನ್ನೆಗಿಂತ 60 ಡಿಗ್ರಿ ಸೆಲ್ಷಿಯಸ್ ಕೆಳಗಿಳಿದ ಚಳಿ. ಆ ಸ್ಥಿತಿಯಲ್ಲೂ ಅವರು ಒಂದು ಆಹಾರ ಪ್ರಯೋಗ ನಡೆಸಿದರು: ಒಬ್ಬ ಕೊಬ್ಬು ಹೆಚ್ಚು ತಿನ್ನುವುದು, ಇನ್ನೊಬ್ಬ ಮಾಂಸ ಹೆಚ್ಚು ತಿನ್ನುವುದು, ಮತ್ತೊಬ್ಬ ಬಿಸ್ಕತ್ತು ಹೆಚ್ಚು ತಿನ್ನುವುದು. ಅದರ ಆಧಾರದ ಮೇಲೆ ಧ್ರುವಯಾತ್ರೆಯ ದಿನದ ಪಡಿ ನಿಗದಿಯಾಯಿತು. ಒಬ್ಬನಿಗೆ ಬಿಸ್ಕತ್ತು 450 ಗ್ರಾಂ, ಪೆಮಿಕನ್ 340 ಗ್ರಾಂ, ಸಕ್ಕರೆ 85 ಗ್ರಾಂ, ಬೆಣ್ಣೆ 57 ಗ್ರಾಂ, ಜೊತೆಗೆ ಒಂದಿಷ್ಟು ಚಹಾ ಮತ್ತು ಕೋಕೋ. ಎಲ್ಲ ಸೇರಿ ಒಂದು ಕಿಲೋಗ್ರಾಮಿಗೆ ತುಸು ಕಡಿಮೆ.

ಪೆಮಿಕನ್ ಎಂದರೆ ಒಣಗಿಸಿ ಪುಡಿ ಮಾಡಿದ ಮಾಂಸಕ್ಕೆ ಕರಗಿಸಿದ ಕೊಬ್ಬು ಬೆರೆಸಿ ಮಾಡಿದ ಗಟ್ಟಿ. ಉತ್ತರ ಅಮೆರಿಕದ ಮೂಲನಿವಾಸಿಗಳು ಕಂಡುಹಿಡಿದ ಬುತ್ತಿ ಅದು. ಅದರ ಗುಟ್ಟು ಎರಡು. ಮೊದಲನೆಯದು, ನೀರನ್ನು ತೆಗೆದುಹಾಕುವುದು. ನಾವು ಉಣ್ಣುವ ಅನ್ನದ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ನೀರೇ. ನೂರು ಗ್ರಾಂ ಅನ್ನದಿಂದ ದೊರೆಯುವುದು 130 ಕಿಲೊಕ್ಯಾಲೊರಿಯಷ್ಟು. ಎರಡನೆಯದು, ಕೊಬ್ಬನ್ನು ಸೇರಿಸುವುದು. ಒಂದು ಗ್ರಾಂ ಪಿಷ್ಟ ಅಥವಾ ಪ್ರೊಟೀನು 4 ಕಿಲೊಕ್ಯಾಲೊರಿ ಕೊಟ್ಟರೆ, ಒಂದು ಗ್ರಾಂ ಕೊಬ್ಬು 9 ಕಿಲೊಕ್ಯಾಲೊರಿ ಕೊಡುತ್ತದೆ. ನಮ್ಮ ಶೇಂಗಾ ಚಿಕ್ಕಿ ಈ ಎರಡೂ ಗುಟ್ಟನ್ನು ಬಲ್ಲದ್ದು. ನೂರು ಗ್ರಾಮಿಗೆ ಹತ್ತಿರ ಹತ್ತಿರ 500 ಕಿಲೊಕ್ಯಾಲೊರಿ ಬರುತ್ತದೆ. ಮೊಸರನ್ನದ ಗಂಟು ಎಷ್ಟೇ ರುಚಿಯಾಗಿರಲಿ, ಅದನ್ನು ಹೊತ್ತವನು ಬಹುಪಾಲು ನೀರನ್ನೇ ಹೊರುತ್ತಾನೆ. (ಮಧ್ಯಾಹ್ನದೊಳಗೆ ಉಂಡು ಮುಗಿಸುವುದಾದರೆ ಚಿಂತೆಯಿಲ್ಲ!)

ಸ್ಕಾಟನ ಪಡಿಯಿಂದ ದಿನಕ್ಕೆ ಸುಮಾರು 4,500 ಕಿಲೊಕ್ಯಾಲೊರಿ ಸಿಗುತ್ತಿತ್ತು. ಮನೆಯಲ್ಲಿ ಕುಳಿತವನಿಗೆ ಇದು ಎರಡು ದಿನದ ಊಟ. ಜಾರುಬಂಡಿಯನ್ನು ತಾವೇ ಎಳೆಯುತ್ತ, ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರಿನಷ್ಟು ಎತ್ತರದ ಹಿಮಪ್ರಸ್ಥಭೂಮಿಯಲ್ಲಿ ನಡೆಯುವವನಿಗೆ ಇದು ಸಾಲದು. ಎಷ್ಟು ಸಾಲದು ಎಂಬುದು ಸ್ಪಷ್ಟವಾದದ್ದು ಬಹಳ ಕಾಲದ ಮೇಲೆ. 1992–93ರಲ್ಲಿ ರಾನಲ್ಫ್ ಫೈನ್ಸ್ ಮತ್ತು ವೈದ್ಯ ಮೈಕ್ ಸ್ಟ್ರೌಡ್ ಬಂಡಿ ಎಳೆಯುತ್ತ 95 ದಿನ ಅಂಟಾರ್ಕ್ಟಿಕಾದಲ್ಲಿ ನಡೆದರು. ದಿನಕ್ಕೆ 5,000 ಕಿಲೊಕ್ಯಾಲೊರಿಗೂ ಹೆಚ್ಚು ತಿಂದರೂ ಒಬ್ಬೊಬ್ಬರೂ 20 ಕಿಲೋಗ್ರಾಮಿಗಿಂತ ಹೆಚ್ಚು ತೂಕ ಕಳೆದುಕೊಂಡರು. ಹಾಗಾದರೆ 4,500ರಲ್ಲಿ ತಿಂಗಳುಗಟ್ಟಲೆ ದುಡಿದವರ ಗತಿ ಏನಾಗಿರಬಹುದು, ನೀವೇ ಊಹಿಸಿ. ಹೊಟ್ಟೆ ತುಂಬಿದಂತೆ ಅನ್ನಿಸುತ್ತಲೇ ಮೈ ಕರಗುತ್ತಿತ್ತು.

ಕ್ಯಾಲೊರಿಯ ಲೆಕ್ಕಕ್ಕೆ ಸಿಗದ ಇನ್ನೊಂದು ಕೊರತೆಯೂ ಆ ಬುತ್ತಿಯಲ್ಲಿತ್ತು. ಅದರಲ್ಲಿ ಸಿ ಜೀವಸತ್ವ ಇರಲಿಲ್ಲವೆಂದೇ ಹೇಳಬಹುದು. ಆ ಜೀವಸತ್ವ ಪ್ರಯೋಗಾಲಯದಲ್ಲಿ ಕೈಗೆ ಸಿಕ್ಕಿದ್ದೇ 1928ರಿಂದ 1932ರ ನಡುವೆ, ಆದ್ದರಿಂದ ಸ್ಕಾಟನನ್ನು ದೂರುವಂತಿಲ್ಲ. ಅಮುಂಡ್ಸೆನ್ನನ ತಂಡ ಚಳಿಗಾಲವಿಡೀ ತಾಜಾ ಸೀಲ್ ಮಾಂಸ ತಿಂದು ಈ ಗಂಡಾಂತರದಿಂದ ಪಾರಾಗಿತ್ತು. ಸ್ಕಾಟನನ್ನು ಕೊನೆಯ ಹಂತದವರೆಗೆ ಬಿಟ್ಟು ಹಿಂದಿರುಗುತ್ತಿದ್ದ ಲೆಫ್ಟಿನೆಂಟ್ ಎವಾನ್ಸ್ ದಾರಿಯಲ್ಲಿ ಸ್ಕರ್ವಿಯಿಂದ ಮಲಗಿಬಿಟ್ಟ. ಅವನನ್ನು ಉಳಿಸಲು ಟಾಮ್ ಕ್ರೀನ್ ಎಂಬ ನಾವಿಕ ಒಂಟಿಯಾಗಿ ಸುಮಾರು 56 ಕಿಲೋಮೀಟರ್ ಹಿಮದಲ್ಲಿ ನಡೆದು ನೆರವು ತಂದ. ಅವನ ಜೇಬಿನಲ್ಲಿದ್ದ ಬುತ್ತಿ ಮೂರು ಬಿಸ್ಕತ್ತು, ಎರಡು ಚಾಕೊಲೇಟ್ ತುಂಡು.

ಇನ್ನು ನೀರು. ಸುತ್ತ ಕಣ್ಣು ಹಾಯಿಸಿದಷ್ಟೂ ಹಿಮ ಇರುವಾಗ ನೀರಿಗೇನು ಬರ? ಇಲ್ಲಿಯೇ ಪ್ರೌಢಶಾಲೆಯ ಪಾಠವೊಂದು ಪ್ರಾಣದ ಪ್ರಶ್ನೆಯಾಗುತ್ತದೆ. ಸೊನ್ನೆ ಡಿಗ್ರಿಯ ಒಂದು ಕಿಲೋಗ್ರಾಂ ಮಂಜುಗಡ್ಡೆ ಸೊನ್ನೆ ಡಿಗ್ರಿಯ ನೀರಾಗಲು 80 ಕಿಲೊಕ್ಯಾಲೊರಿ ಬೇಕು. ಇದೇ ಗುಪ್ತೋಷ್ಣ. ಹಿಮ ಮೈನಸ್ 30 ಡಿಗ್ರಿಯಲ್ಲಿದ್ದರೆ ಅದನ್ನು ಸೊನ್ನೆಗೆ ತರಲು ಇನ್ನೂ 15, ಕರಗಿದ ನೀರನ್ನು ಕುದಿಸಲು 100. ಒಟ್ಟು 195. ನಮ್ಮ ಮನೆಯಲ್ಲಿ 25 ಡಿಗ್ರಿಯ ನಲ್ಲಿ ನೀರನ್ನು ಕುದಿಸಲು ಬೇಕಾದದ್ದು 75 ಮಾತ್ರ. ಐದು ಜನಕ್ಕೆ ದಿನಕ್ಕೆ ತಲಾ ಎರಡೇ ಲೀಟರ್ ಎಂದರೂ 1,950 ಕಿಲೊಕ್ಯಾಲೊರಿ ಆಯಿತು. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಸುಮಾರು 8,500 ಸಿಗುತ್ತದೆ. ಅಂದರೆ ಒಂದು ಹನಿ ಶಾಖವೂ ಪೋಲಾಗದಿದ್ದರೆ ಕಾಲು ಲೀಟರಿಗೆ ಹತ್ತಿರ. ಯಾವ ಒಲೆಯೂ ಅಷ್ಟು ಮಿತವ್ಯಯಿ ಅಲ್ಲ. ಹಿಮವನ್ನು ಹಾಗೆಯೇ ಬಾಯಿಗೆ ಹಾಕಿಕೊಂಡರಾಯಿತಲ್ಲ ಎಂದರೆ, ಆಗಲೂ ಕರಗಿಸುವ ಶಾಖ ಮೊದಲೇ ಸೊರಗಿದ ಮೈಯಿಂದಲೇ ಹೋಗಬೇಕು. ಅಲ್ಲಿ ಎಣ್ಣೆ ಮುಗಿದರೆ ನೀರೂ ಮುಗಿದಂತೆ.

ಸ್ಕಾಟ್ ಮರಳುವ ದಾರಿಯಲ್ಲಿ ಅಲ್ಲಲ್ಲಿ ಆಹಾರ ಮತ್ತು ಎಣ್ಣೆಯ ದಾಸ್ತಾನು ಮಾಡಿಟ್ಟಿದ್ದ. ಬಂದು ನೋಡಿದರೆ ಡಬ್ಬಗಳಲ್ಲಿ ಎಣ್ಣೆ ಕಡಿಮೆಯಾಗಿತ್ತು. ಮುಚ್ಚಳದ ಒಳಗಿನ ತೊಗಲಿನ ವಾಷರ್ ಚಳಿಗೂ ಬಿಸಿಲಿಗೂ ಸೆಟೆದು, ಸಂದಿಯಿಂದ ಎಣ್ಣೆ ಆವಿಯಾಗಿ ಹೋಗಿತ್ತು. ಅಮುಂಡ್ಸೆನ್ ತನ್ನ ಡಬ್ಬಗಳ ಬಾಯಿಗೆ ಬೆಸುಗೆ ಹಾಕಿಸಿದ್ದ. ಬೆಸುಗೆಗೆ ಬೇಕಾದದ್ದು ತುಸು ಸೀಸ, ತುಸು ತವರ.

ಇದರ ಮೇಲೆ ಇನ್ನೊಂದು ಎಡವಟ್ಟು. ಬುತ್ತಿ, ಡೇರೆ, ಒಲೆ ಎಲ್ಲವೂ ನಾಲ್ಕು ಜನರ ಲೆಕ್ಕದಲ್ಲಿ ಕಟ್ಟಿದ್ದವು. ಕೊನೆಯ ಗಳಿಗೆಯಲ್ಲಿ ಸ್ಕಾಟ್ ಧ್ರುವಕ್ಕೆ ನಾಲ್ವರ ಬದಲು ಐವರನ್ನು ಕರೆದೊಯ್ದ. ಐವರಿಗೆ ಅಡುಗೆ ಮಾಡಲು ದಿನಕ್ಕೆ ಅರ್ಧ ಗಂಟೆಯಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಆಮೇಲೆ ಅವನೇ ಬರೆದುಕೊಂಡಿದ್ದಾನೆ. ಆ ಅರ್ಧ ಗಂಟೆಯೂ ಎಣ್ಣೆಯೇ. ಮದುವೆಮನೆಯಲ್ಲಿ ನೂರು ಜನಕ್ಕೆ ಮಾಡಿದ್ದು ನೂರಿಪ್ಪತ್ತು ಜನಕ್ಕೆ ಹೇಗೋ ಸರಿಹೋಗುತ್ತದೆ, ಸಾರಿಗೆ ನೀರು ಬೆರೆಸಿದರಾಯಿತು. ಹಿಮದ ಬಯಲಿನಲ್ಲಿ ಆ ನೀರಿಗೂ ಎಣ್ಣೆ ಬೇಕು.

ದಾಸ್ತಾನು ಹುಡುಕುವುದೂ ಸುಲಭವಲ್ಲ. ಬಿಳಿ ಬಯಲಿನಲ್ಲಿ ಬಿಳಿ ದಿಬ್ಬ ಕಾಣಬೇಕು. ಅಮುಂಡ್ಸೆನ್ 80 ಡಿಗ್ರಿ ಅಕ್ಷಾಂಶದ ದಾಸ್ತಾನಿನ ಎರಡೂ ಪಕ್ಕಕ್ಕೆ ಹತ್ತು ಹತ್ತು ಬಿದಿರುಗಳನ್ನು ನೆಟ್ಟು ಕಪ್ಪು ಬಾವುಟ ಕಟ್ಟಿಸಿದ್ದ. ದಾರಿ ತಪ್ಪಿ ಹಲವು ಕಿಲೋಮೀಟರ್ ಆಚೆ ಬಂದವನಿಗೂ ಒಂದಲ್ಲ ಒಂದು ಬಾವುಟ ಸಿಗುತ್ತಿತ್ತು. ತಾನು ದಾರಿ ತಪ್ಪುತ್ತೇನೆ ಎಂದು ಮೊದಲೇ ಒಪ್ಪಿಕೊಂಡವನ ಯೋಜನೆ ಅದು. ಸ್ಕಾಟನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಹವೆ ಸಾಧಾರಣವಾಗಿದ್ದು, ಎಣ್ಣೆ ಪೂರಾ ಇದ್ದು, ಯಾರೂ ಕಾಯಿಲೆ ಬೀಳದಿದ್ದರೆ ಅದು ಸರಿಯಾಗಿಯೇ ಹೊಂದುತ್ತಿತ್ತು. ಆದರೆ 1912ರ ಮಾರ್ಚ್ ಅಲ್ಲಿ ವಾಡಿಕೆಗಿಂತ ಹೆಚ್ಚು ಚಳಿಯದ್ದಾಗಿತ್ತು ಎಂದು ಹವಾ ವಿಜ್ಞಾನಿ ಸೂಸನ್ ಸಾಲಮನ್ ಹಳೆಯ ದಾಖಲೆಗಳನ್ನು ಪರಿಶೀಲಿಸಿ ತೋರಿಸಿದ್ದಾರೆ. ಅಷ್ಟು ಚಳಿಯಲ್ಲಿ ಬಂಡಿಯ ಅಡಿಯ ಹಿಮ ಕರಗಿ ಜಾರುವುದಿಲ್ಲ, ಮರಳಿನಂತೆ ಹಿಡಿದೆಳೆಯುತ್ತದೆ.

ಫೆಬ್ರವರಿಯಲ್ಲಿ ಎಡ್ಗರ್ ಎವಾನ್ಸ್ ತೀರಿಕೊಂಡ. ಮಾರ್ಚ್ ಮಧ್ಯದಲ್ಲಿ, ಕಾಲು ಹಿಮಗಟ್ಟಿ ನಡೆಯಲಾರದ ಓಟ್ಸ್ ಇತರರಿಗೆ ಹೊರೆಯಾಗಬಾರದೆಂದು ಡೇರೆಯಿಂದ ಹಿಮಗಾಳಿಗೆ ಹೊರಟುಹೋದ. ಉಳಿದ ಮೂವರು 'ಒನ್ ಟನ್' ಎಂಬ ದೊಡ್ಡ ದಾಸ್ತಾನಿಗೆ ಇನ್ನು ಸುಮಾರು 20 ಕಿಲೋಮೀಟರ್ ಇರುವಾಗ ಬಿರುಗಾಳಿಗೆ ಸಿಕ್ಕಿ ಡೇರೆಯಲ್ಲೇ ಉಳಿದರು. ಆಗ ಅವರ ಬಳಿ ಇದ್ದದ್ದು ಎರಡು ದಿನದ ಆಹಾರ, ಮತ್ತು ತಲಾ ಎರಡು ಲೋಟ ಚಹಾಕ್ಕೆ ಆಗುವಷ್ಟು ಎಣ್ಣೆ. ಆ ದಾಸ್ತಾನನ್ನು ಮೊದಲು 80 ಡಿಗ್ರಿ ಅಕ್ಷಾಂಶದಲ್ಲಿ, ಅಂದರೆ ಇನ್ನೂ 50 ಕಿಲೋಮೀಟರಿಗೂ ಹೆಚ್ಚು ದಕ್ಷಿಣದಲ್ಲಿ ಇಡಬೇಕೆಂದಿದ್ದರು. ಹಿಂದಿನ ವರ್ಷ ಕುದುರೆಗಳು ಸೋತವೆಂದು ಈಚೆಗೇ ಇಳಿಸಿಬಿಟ್ಟಿದ್ದರು.

1912ರ ನವೆಂಬರಿನಲ್ಲಿ ಹುಡುಕಲು ಹೋದವರಿಗೆ ಡೇರೆ ಸಿಕ್ಕಿತು. ಪಕ್ಕದಲ್ಲಿ ಬಂಡಿ, ಬಂಡಿಯಲ್ಲಿ ಸುಮಾರು 16 ಕಿಲೋಗ್ರಾಂ ಕಲ್ಲುಗಳು. ಪರ್ವತದ ಬುಡದಲ್ಲಿ ಆಯ್ದುಕೊಂಡು ಕೊನೆಯವರೆಗೂ ಎಳೆದು ತಂದದ್ದು. ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಪುರಾತನ ಸಸ್ಯದ ಎಲೆಗಳ ಅಚ್ಚು ಇತ್ತು. ನಮ್ಮ ದೇಶದ ಕಲ್ಲಿದ್ದಲ ಪದರಗಳಲ್ಲೂ ಸಿಗುವ ಅದೇ ಸಸ್ಯ. ಭಾರತವೂ ಅಂಟಾರ್ಕ್ಟಿಕಾವೂ ಒಮ್ಮೆ ಒಂದೇ ಭೂಖಂಡವಾಗಿದ್ದವು ಎಂಬುದಕ್ಕೆ ಅದು ಸಾಕ್ಷಿ. ಆ ಕಲ್ಲುಗಳನ್ನಾದರೂ ಎಸೆಯಬಾರದಿತ್ತೆ ಎಂದು ಕೇಳುವವರಿದ್ದಾರೆ. ಮೂವರ ಐದು ದಿನಗಳ ಬುತ್ತಿಯ ತೂಕ ಅದು, ನಿಜ. ಆದರೆ ಎಸೆದಿದ್ದರೂ ಆ ಜಾಗಕ್ಕೆ ತುಂಬಿಕೊಳ್ಳಲು ಅವರ ಬಳಿ ಬುತ್ತಿ ಇರಲಿಲ್ಲ.