ಚೊಚ್ಚಲ ಬಾಣಂತಿ ಬೆಕ್ಕಿಗೂ ಒಂದು ಕತ್ತಲ ಮೂಲೆ ಬೇಕು

ನಮ್ಮ ಹಳ್ಳಿ ಮನೆಗಳಲ್ಲಿ ಹಸು ಕರು ಹಾಕಿದರೆ ಮನೆಗೆ ಮನೆಯೇ ಎಚ್ಚರ. ಮಾಸು ಬಿತ್ತೇ, ಕರು ಎದ್ದು ನಿಂತಿತೇ, ಗಿಣ್ಣದ ಹಾಲು ಕುಡಿಯಿತೇ ಎಂದು ನೂರು ವಿಚಾರಣೆ. ಅದೇ ಮನೆಯ ಅಟ್ಟದಲ್ಲಿ ಬೆಕ್ಕು ಮರಿ ಹಾಕಿದ್ದು ಗೊತ್ತಾಗುವುದು ಮೂರು ದಿನ ಬಿಟ್ಟು, ಕೀಚು ಕೀಚು ಸದ್ದು ಕೇಳಿದ ಮೇಲೆ. ಗೊತ್ತಾದ ಕೂಡಲೇ ಏಣಿ ಹಾಕಿ ಮಕ್ಕಳೆಲ್ಲ ಹತ್ತುತ್ತಾರೆ. ಒಂದೊಂದನ್ನೇ ಎತ್ತಿ ಗಂಡೋ ಹೆಣ್ಣೋ ನೋಡುತ್ತಾರೆ, ಫೋಟೋ ಹಿಡಿದು ಸ್ಟೇಟಸ್‌ಗೆ ಹಾಕುತ್ತಾರೆ. ಮಾರನೇ ದಿನ ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಸೌದೆ ಕೊಟ್ಟಿಗೆಗೆ ಹೋಗಿರುತ್ತದೆ. 'ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸದೆ ಬಿಡುತ್ತದೆಯೇ' ಎಂದು ಹಿರಿಯರು ವಿಷಯ ಮುಗಿಸುತ್ತಾರೆ.

ಆ ಏಳು ಮನೆಯಲ್ಲಿ ನಾಲ್ಕನ್ನಾದರೂ ತಿರುಗಿಸಿದವರು ನಾವೇ ಎಂಬುದು ನಮ್ಮ ವಾದ.

ಮೊದಲ ಸಲ ಮರಿ ಹಾಕಿದ ಬೆಕ್ಕು ಹೆಚ್ಚಿನ ಸಲ ತಾನೇ ಒಂದು ವರ್ಷ ತುಂಬದ ಪಡ್ಡೆ. ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ, ಸುಮಾರು 63ರಿಂದ 65 ದಿನಕ್ಕೆ ಮರಿ ಹಾಕುತ್ತದೆ. ಅದಕ್ಕೆ ಹೇಳಿಕೊಡುವ ತಾಯಿಯಿಲ್ಲ, ಸೂಲಗಿತ್ತಿಯಿಲ್ಲ. ಮರಿಗಳ ಬಳಿ ಮಲಗದೆ ಅತ್ತಿತ್ತ ಓಡಾಡುವುದು, ಹತ್ತಿರ ಹೋದರೆ ಬುಸ್ ಎನ್ನುವುದು, ಒಂದು ಮರಿಯನ್ನು ಕಚ್ಚಿಕೊಂಡು ಇಡೀ ಮನೆ ಸುತ್ತುವುದು, ಇವೆಲ್ಲ ಹೆದರಿಕೆಯ ಲಕ್ಷಣ. ಅದನ್ನು ನೋಡಿ 'ಇದಕ್ಕೆ ತಾಯಿ ಕರುಳೇ ಇಲ್ಲ' ಎನ್ನುವುದು ಅನ್ಯಾಯ. ಮನುಷ್ಯರ ಕೈವಾಸನೆ ತಾಗಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಮನೆಯವರ ವಾಸನೆ ಅದಕ್ಕೆ ಗೊತ್ತಿರುವುದೇ. ಅದನ್ನು ಕಂಗೆಡಿಸುವುದು ಗಲಾಟೆ, ಬೆಳಕು, ನಾಯಿ, ಹೊಂಚು ಹಾಕುವ ಗಡವ ಬೆಕ್ಕು. ಮರಿಯನ್ನು ತಿಂದಿತು ಎಂಬ ಪ್ರಕರಣಗಳಲ್ಲೂ ಬಹಳಷ್ಟು ಸಲ ಆ ಮರಿ ಸತ್ತೇ ಹುಟ್ಟಿರುತ್ತದೆ ಅಥವಾ ಬದುಕುವ ಸ್ಥಿತಿಯಲ್ಲಿ ಇರುವುದಿಲ್ಲ.

ಹಾಗಾಗಿ ಮಾಡಬೇಕಾದ ಮೊದಲ ಕೆಲಸ, ಏಣಿ ತೆಗೆದಿಡುವುದು. ಮಕ್ಕಳಿಗೆ ಎರಡು ವಾರ ಅಟ್ಟ ಬಂದ್. ಬೆಕ್ಕು ಆರಿಸಿಕೊಂಡ ಜಾಗ ಒಣಗಿದ್ದು, ನಾಯಿಗೆ ಎಟುಕದಂತಿದ್ದರೆ ಅಲ್ಲೇ ಬಿಡಿ. ಒಂದು ರಟ್ಟಿನ ಪೆಟ್ಟಿಗೆಗೋ ಹಳೆಯ ಬುಟ್ಟಿಗೋ ಹತ್ತಿ ಸೀರೆ ಹಾಸಿ ಆ ಜಾಗದಲ್ಲೇ ಇಡಿ. ಹೊಗೆಯೋ ಮಳೆನೀರೋ ಬರುವ ಜಾಗವಾದರೆ ಮಾತ್ರ ತಾಯಿ ನೋಡುತ್ತಿರುವಂತೆಯೇ ಮರಿಗಳನ್ನು ಒಟ್ಟಿಗೆ ಸಾಗಿಸಬೇಕು. ದಿನಕ್ಕೆ ಒಂದೆರಡು ಸಲ, ಅದಕ್ಕೆ ಅಭ್ಯಾಸವಿರುವ ಒಬ್ಬರೇ ಹೋಗಿ ನೋಡಿ ಬಂದರೆ ಸಾಕು. ಊಟ, ನೀರು ಅಲ್ಲೇ ಪಕ್ಕದಲ್ಲಿರಲಿ. ಹೊಟ್ಟೆಗಾಗಿ ದೂರ ಹೋಗಬೇಕಾದ ತಾಯಿಯೇ ಮರಿಗಳನ್ನು ಹೆಚ್ಚು ಹೊತ್ತು ಬಿಟ್ಟಿರುತ್ತದೆ.

ಊಟದ ವಿಷಯ ಸ್ವಲ್ಪ ಕಷ್ಟದ್ದು. ಹಾಲೂಡುವ ಬೆಕ್ಕಿಗೆ ಮಾಮೂಲಿಯ ಎರಡು ಪಟ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಆಹಾರ ಬೇಕು. ಬೆಕ್ಕು ಮಾಂಸಾಹಾರಿ ಪ್ರಾಣಿ, ಹಾಲನ್ನದಿಂದ ಅದರ ಹೊಟ್ಟೆ ತುಂಬಬಹುದು, ಮೈ ತುಂಬುವುದಿಲ್ಲ. ಸಸ್ಯಾಹಾರಿ ಮನೆಗಳಲ್ಲಿ ಈ ಮಾತು ಎತ್ತಿದರೆ ಅಡುಗೆಮನೆಯಲ್ಲಿ ಮುಖ ಗಂಟಾಗುತ್ತದೆ, ನಮಗೆ ಗೊತ್ತು. ಇಲಿ ಹಿಡಿಯಲಿ ಎಂದೇ ಸಾಕಿದ ಬೆಕ್ಕು ಇಲಿ ತಿನ್ನುವುದು ಮಾತ್ರ ನಮಗೆ ಅಭ್ಯಂತರವಿಲ್ಲ! ಮೀನು, ಮೊಟ್ಟೆ ಬೇಯಿಸಲಾಗದವರು ಪೇಟೆಯಲ್ಲಿ ಸಿಗುವ ಬೆಕ್ಕಿನ ಆಹಾರದ ಪ್ಯಾಕೆಟ್ಟನ್ನಾದರೂ ತಂದಿಡಬಹುದು. ಮರಿಗಳಿಗೆಂದು ಇರುವ ಪ್ಯಾಕೆಟ್ಟಾದರೆ ಬಾಣಂತಿಗೂ ಅದೇ ಒಳ್ಳೆಯದು.

ಮರಿಗಳ ಮಟ್ಟಿಗೆ ಮುಖ್ಯವಾದದ್ದು ಬಿಸಿ. ಹುಟ್ಟಿದ ಮರಿ ತೂಗುವುದು ಹೆಚ್ಚುಕಡಿಮೆ 100 ಗ್ರಾಂ, ತನ್ನ ಮೈಯ ಶಾಖ ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಕಣ್ಣು ಬಿಡಲು 7ರಿಂದ 14 ದಿನ ಬೇಕು. ತಾಯಿ ನೆಕ್ಕದಿದ್ದರೆ ಮೂತ್ರ ಮಾಡುವುದೂ ಅದಕ್ಕೆ ಬಾರದು. ಹೊಟ್ಟೆ ದುಂಡಗಾಗಿ, ಒಂದರ ಮೇಲೊಂದು ಬಿದ್ದು ನಿದ್ದೆ ಹೊಡೆಯುತ್ತಿದ್ದರೆ ಎಲ್ಲ ಸರಿಯಿದೆ ಎಂದರ್ಥ. ಬಿಡದೆ ಅರಚುತ್ತಿದ್ದರೆ, ಮುಟ್ಟಿದರೆ ತಣ್ಣಗಿದ್ದರೆ ಏನೋ ತಪ್ಪಿದೆ. ಆಗ ನಮ್ಮ ಮನೆಗಳಲ್ಲಿ ಮಾಡುವುದು ಒಂದೇ: ಇಂಕ್ ಫಿಲ್ಲರ್‌ನಲ್ಲಿ ಹಸುವಿನ ಹಾಲು ತುಂಬಿ, ಮರಿಯನ್ನು ಮಗುವಿನಂತೆ ಅಂಗಾತ ಮಲಗಿಸಿ ಬಾಯಿಗೆ ಹಿಂಡುವುದು. ಪ್ರೀತಿಯಿಂದಲೇ ಮಾಡುತ್ತೇವೆ, ಅದರಿಂದಲೇ ಮರಿ ಸಾಯುತ್ತದೆ. ಅಂಗಾತ ಕುಡಿಸಿದ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ, ಹಸುವಿನ ಹಾಲಿಗೆ ಬೇಧಿಯಾಗುತ್ತದೆ, ತಣ್ಣಗಾದ ಮರಿಗೆ ಯಾವ ಹಾಲೂ ಜೀರ್ಣವಾಗುವುದಿಲ್ಲ. ಮೊದಲು ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ನಿಧಾನಕ್ಕೆ ಬೆಚ್ಚಗಾಗಿಸಿ, ಆಮೇಲೆ ತಾಯಿಯ ಮೊಲೆಗೇ ಹಿಡಿಸಿ. ತಾಯಿ ಒಪ್ಪದೇ ಹೋದರೆ ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ ತಂದು, ಮರಿ ಹೊಟ್ಟೆ ಕೆಳಗಾಗಿ ಮಲಗಿರುವಾಗ ಸ್ವಲ್ಪಸ್ವಲ್ಪವೇ ಕುಡಿಸಬೇಕು. ಮನೆಯಲ್ಲಿ ಗ್ರಾಂ ತೋರಿಸುವ ತಕ್ಕಡಿ ಇದ್ದರೆ ದಿನಕ್ಕೊಮ್ಮೆ ತೂಗಿ. ಸುಮಾರು 10 ಗ್ರಾಂ ಏರುತ್ತಿದ್ದರೆ ನೀವು ಏನೂ ಮಾಡುವುದು ಬೇಡ.

ಇನ್ನು ಮನೆಯಲ್ಲೇ ಇರುವ ವಿಷಗಳು. ತಾಯಿಗೆ ಮೈ ಬಿಸಿಯಾಗಿದೆ ಎಂದು ಪ್ಯಾರಾಸಿಟಮಾಲ್ ಕೊಡಬೇಡಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ದನದ ಉಣ್ಣೆಗೆ ಹಚ್ಚುವ ಔಷಧಿಯನ್ನು ಬೆಕ್ಕಿನ ಚಿಗಟಕ್ಕೆ ಹಚ್ಚಬೇಡಿ. ಮಲಗುವ ಜಾಗಕ್ಕೆ ಫಿನಾಯಿಲ್ ಬೇಡ. ಮರಿ ಹಾಕಿ ಒಂದೆರಡು ವಾರದಲ್ಲಿ ತಾಯಿ ನಡುಗಿ, ಕಾಲು ಸೆಟೆದು ಏದುಸಿರು ಬಿಟ್ಟರೆ ಅದು ಕ್ಯಾಲ್ಸಿಯಂ ಇಳಿದಿರುವ ಗುರುತು. ಹಾಲು ಹೆಚ್ಚು ಕೊಡುವ ಹಸುವಿಗೂ ಹೀಗಾಗುವುದನ್ನು ನೀವು ನೋಡಿರುತ್ತೀರಿ. ದುರ್ವಾಸನೆಯ ಸ್ರಾವವೂ ಅಷ್ಟೇ ಗಂಭೀರ. ಇವಕ್ಕೆ ಮನೆಮದ್ದು ಇಲ್ಲ, ಅದೇ ದಿನ ವೈದ್ಯರಿಗೆ ತೋರಿಸಬೇಕು.

ತೋರಿಸುವುದು ಎಲ್ಲಿ ಎಂಬುದೇ ದೊಡ್ಡ ಪ್ರಶ್ನೆ. ದನಕರುಗಳಿಗೆ 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ವಾಹನ ಕೊಟ್ಟಿಗೆ ಬಾಗಿಲಿಗೆ ಬರುವ ಕಾಲ ಇದು. ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಹೊರಟರೆ ಬಸ್ಸಿನಲ್ಲೇ ನಗುತ್ತಾರೆ. ಗ್ರಾಮೀಣ ಪತ್ರಿಕೋದ್ಯಮ ಓದಿಕೊಂಡ ನಾವೂ ಕೃಷಿ ಪುಟಕ್ಕೆ ಕೆಚ್ಚಲು ಬಾವಿನ ಬಗ್ಗೆ ಎಷ್ಟು ಬೇಕಾದರೂ ಬರೆಯುತ್ತೇವೆ. ಭತ್ತದ ಚೀಲ ಕಾಯುವ ಪ್ರಾಣಿಗೆ ಒಂದು ಕಾಲಂ ಸಿಕ್ಕಿದ್ದು ಕಡಿಮೆ.

ಇದರ ಬೆಲೆ ತೆರುವುದು ಮುಂದಿನ ಸೂಲಿನ ಮರಿಗಳು. ಹಾಲೂಡುತ್ತಿರುವಾಗಲೇ ಬೆಕ್ಕು ಮತ್ತೆ ಗಬ್ಬ ಆಗಬಲ್ಲದು. ಆರು ತಿಂಗಳಿಗೊಮ್ಮೆ ನಾಲ್ಕು ಮರಿಯಾದರೆ ಸಾಕುವವರು ಯಾರು? ಗೋಣಿಚೀಲದಲ್ಲಿ ಕಟ್ಟಿ ಸಂತೆಮಾಳದಲ್ಲೋ ಮೀನು ಮಾರ್ಕೆಟ್ಟಿನ ಹಿಂದೋ ಬಿಟ್ಟು ಬರುವುದು ಯಾರಿಗೂ ಗುಟ್ಟಲ್ಲ. ಮರಿಗಳು ಎಂಟು ವಾರ ತುಂಬಿ ಹಾಲು ಬಿಟ್ಟ ಮೇಲೆ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಚೀಲದ ಕೆಲಸ ಇರುವುದಿಲ್ಲ. ಅದಕ್ಕಾಗಿ ಜಿಲ್ಲಾ ಕೇಂದ್ರದವರೆಗೆ ಹೋಗಿ ಎಂದರೆ ಹಳ್ಳಿಯಲ್ಲಿ ಯಾರೂ ಹೋಗುವುದಿಲ್ಲ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ತಿಂಗಳಿಗೆ ಒಂದು ದಿನ ಬೆಕ್ಕುಗಳಿಗೆಂದು ಮೀಸಲಿಟ್ಟು, ಆ ದಿನ ಯಾವುದೆಂದು ಹಾಲಿನ ಡೇರಿಯ ಬೋರ್ಡಿನ ಮೇಲೆ ಬರೆಸಲಿ ಎಂದು ಕೇಳುತ್ತಿದ್ದೇವೆ. ಮುಂದಿನ ಗ್ರಾಮಸಭೆಯಲ್ಲಿ ನೀವೂ ಕೇಳಿ.